ಕೂಡಿಸಿಬಿಡು

೪ ಆಗಸ್ಟ್ ೨೦೨೫, ಸೋಮವಾರ. ಚಿತ್ರದುರ್ಗ.

ಚಿಪ್‌ಗಳು ಬಂದವು. ಮೊದಲನೆಯದನ್ನು ಬೆಳಿಗ್ಗೆಯೇ ಬೋರ್ಡಿಗೆ ಹಾಕಿದೆ. ಊಟದ ಹೊತ್ತಿಗೆ ಒಂದೇ ಕಂಪನ ಹೊರಡಿಸುವ ಆಸಿಲೇಟರ್ ಎದ್ದಿತು. ಹನ್ನೆರಡು ಗಿಗಾಹರ್ಟ್ಸ್, ನಾವು ಹೇಳಿದಲ್ಲೇ. ನಾಗರಾಜ್ ಕೆಳಗಿನ ಬೇಕರಿಯಿಂದ ಖಾರಾ ಬನ್ ತರಿಸಿದರು. ಆಫೀಸಿನ ಮುಖ್ಯಸ್ಥರು ಅವರೇ ಆದರೂ ಬನ್ ಹಂಚಿದ್ದೂ ಅವರೇ. ಚಿಪ್ಪಿನ ಲೇಔಟ್, ಎಂದರೆ ಪದರಗಳ ನಕ್ಷೆ, ಮಾಡಿದ ಬಿಂದು ಅಳೆಯುವ ಪೆಟ್ಟಿಗೆಯ ಪರದೆಯ ಫೋಟೊ ತೆಗೆದು ತಾಳ್ಯಕ್ಕೆ, ಮನೆಗೆ ಕಳಿಸಿದಳು. ತಕ್ಷಣ ಉತ್ತರ ಬಂತು.

"ನಮ್ಮವ್ವ ಕೇಳ್ತಾಳೆ ಮೇಡಂ, ಇದ್ಯಾವ ಗುಡ್ಡ ಅಂತ."

ಗುಡ್ಡವೇ. ನಡುವೆ ಚೂಪಾದ ಶಿಖರ. ಆದರೆ ಬುಡ ದಪ್ಪ. ಯಾರಿಗೂ ಹೇಳಲಿಲ್ಲ. ಬನ್ ತಿಂದೆ.

೫ ಆಗಸ್ಟ್, ಮಂಗಳವಾರ

ಮೂರು ಚಿಪ್ ಅಳೆದೆ. ಮೂರರಲ್ಲೂ ಅದೇ. ಬುಡದ ಸದ್ದು ಬರಬೇಕಾದದ್ದು ಮೈನಸ್ ೧೧೩ ಡೆಸಿಬೆಲ್. ಸಿಮ್ಯುಲೇಶನ್ ಹೇಳಿದ್ದು ೧೧೫. ಬಂದದ್ದು ೧೦೬. ಮೈನಸ್ ಹೆಚ್ಚಿದಷ್ಟೂ ಸದ್ದು ಕಡಿಮೆ, ನಮ್ಮದು ಗಲಾಟೆ.

ಸಂಜೆ ಕೆಳಮನೆಯ ಮಹಾದೇವಮ್ಮ — ಮನೆ ಅವರದೇ, ನಾನು ಮಹಡಿಯಲ್ಲಿ ಬಾಡಿಗೆಗಿದ್ದೇನೆ — "ಯಾಕ್ರೀ ಮೀನಾಕ್ಷಮ್ಮ, ಮಖ ಬಾಡೈತೆ?" ಎಂದರು. ಒಂದೇ ಸ್ವರ ಹಿಡಿದು ನಿಲ್ಲಬೇಕಾದ ಹಾಡುಗಾರ ಇದ್ದಾನೆ ಅಂದುಕೊಳ್ಳಿ, ಅವನ ಗಂಟಲು ನಡುಗುತ್ತಿದೆ ಎಂದೆ.

"ಮೆಣಸಿನ್ ಕಷಾಯ ಕುಡಿಸ್ರಿ."

ಇಡೀ ದಿನದಲ್ಲಿ ಬಂದ ಒಂದೇ ಖಚಿತ ಸಲಹೆ.

ಮಲಗುವ ಮುನ್ನ ಕಾದಂಬರಿಯ ಇಪ್ಪತ್ತು ಪುಟ. ಪೋಲಿಷ್‌ನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಬಂದದ್ದು. ಗಡಿಯಾರ ರಿಪೇರಿಯ ಮುದುಕನೊಬ್ಬನ ಕಥೆ. "ಅವನು ದಿನವೂ ಸಂಜೆ ಬ್ಯಾಂಕಿನ ಮೇಲೆ ಕೂತು ಗಾಳ ಹಾಕುತ್ತಿದ್ದ." ನದಿಯ ದಡ ಬ್ಯಾಂಕಾಗಿದೆ. ಪೆನ್ಸಿಲಿನಲ್ಲಿ ಗೆರೆ ಎಳೆದೆ. ಅನುವಾದಕರು ಒಂದು ಕ್ಷಣವೂ ನಿಂತು ನೋಡಲಿಲ್ಲವೇ, ಬ್ಯಾಂಕಿನ ಮೇಲೆ ಎಂಥ ಮೀನು ಎಂದು?

೯ ಆಗಸ್ಟ್, ಶನಿವಾರ. ಹರಿಯಬ್ಬೆ.

ನಾಗರಾಜ್‌ಗೆ ಕೆಳಗಿನ ವೆಲ್ಡಿಂಗ್ ಅಂಗಡಿಯ ಮೇಲೆ ಅನುಮಾನ. "ಅವ್ನು ಗೇಟು ಬೆಸೀತಾನೆ, ನಮ್ ಬುಡ ಊದ್ಕಂತೈತೆ." ಕರೆಂಟಿಲ್ಲದ, ಟವರಿಲ್ಲದ ಜಾಗಕ್ಕೆ ಹೋಗಿ ಬ್ಯಾಟರಿಯಲ್ಲಿ ಅಳೆಯೋಣ ಎಂದರು. ಹಿರಿಯೂರಿನ ಆಚೆ, ಅವರ ಸೋದರಮಾವನ ಹೊಲ. ಕಾರಿನ ಬಾನೆಟ್ ಮೇಲೆ ಟವೆಲ್ ಹಾಸಿ ಬೋರ್ಡ್ ಇಟ್ಟೆವು. ಅಳೆಯುವ ಪೆಟ್ಟಿಗೆ ನನ್ನ ತೊಡೆಯ ಮೇಲೆ.

ಹೊಲ ನೋಡಿಕೊಳ್ಳುವ ಮುನಿಯಪ್ಪ ದೂರದಿಂದಲೇ ಚಪ್ಪಲಿ ಬಿಟ್ಟು ಬಂದರು.

"ಪಾಯಿಂಟ್ ಮಾಡಾಕ್ ಬಂದ್ರಾ ಸ್ವಾಮಿ? ಎಷ್ಟ್ ಅಡಿಗೈತೆ ನೀರು?"

"ನೀರಿಂದಲ್ಲ ಮುನಿಯಪ್ಪ. ಸದ್ದು ಹುಡುಕ್ತಾ ಇದೀವಿ."

"ಸದ್ದಾ? ಈ ಹೊಲ್ದಾಗೆ ನಂದೊಂದ್ ಕೆಮ್ಮು ಬಿಟ್ರೆ ಸದ್ದೆಲ್ಲೈತೆ?" ತುಸು ಯೋಚಿಸಿ, "ಆದ್ರೂ ನೋಡ್ರಿ. ಅದ್ರಾಗೇ ನೀರೂ ಕಂಡ್ರೆ ಕಂಡೀತು," ಎಂದರು. ಹೊರಡುವ ತನಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಶಿಖರ ಬಂದಾಗ "ಬಿತ್ತು! ಬಿತ್ತು!" ಎಂದು ಕೂಗಿದರು.

ಮೈನಸ್ ೧೦೬. ಹರಿಯಬ್ಬೆಯ ಹೊಲದಲ್ಲೂ.

ಹೊರಗಿನಿಂದ ಬರುತ್ತಿಲ್ಲ. ಚಿಪ್‌ನ ಒಳಗಿನದೇ.

೧೨ ಆಗಸ್ಟ್, ಮಂಗಳವಾರ

ಚಿಪ್‌ನ ಅರ್ಧ ಭಾಗ ಆಸಿಲೇಟರ್. ಇನ್ನರ್ಧ ಡಿಜಿಟಲ್ — ಎಣಿಸುವುದು, ತಿದ್ದುವುದು, ಸದಾ ಟಕಟಕ. ಇವತ್ತು ಆ ಅರ್ಧವನ್ನು ಪೂರ್ತಿ ನಿಲ್ಲಿಸಿ ಅಳೆದೆ.

ಮೈನಸ್ ೧೧೪. ಬುಡ ಸೂಜಿಯಂತೆ.

ಎಂದರೆ ಹಾಡುಗಾರನ ಗಂಟಲು ಸರಿಯಿದೆ. ಪಕ್ಕದ ಮನೆಯ ಗದ್ದಲ ಗೋಡೆ ದಾಟಿ ಬರುತ್ತಿದೆ. ಆದರೆ ಡಿಜಿಟಲ್ ನಿಲ್ಲಿಸಿದ ಚಿಪ್ ಯಾರಿಗೂ ಬೇಡ. ದಾರಿ ಎರಡೇ: ಒಳಗೆ ಎರಡಕ್ಕೂ ಹಂಚಿರುವ ವಿದ್ಯುತ್ ಸಪ್ಲೈ, ಇಲ್ಲವೇ ಕೆಳಗಿನ ಸಿಲಿಕಾನ್ ನೆಲ. ನೆಲದ ದಾರಿ ಮುಚ್ಚಿದೆ. ಆಸಿಲೇಟರಿನ ಕಾಯಿಲ್ ಕೆಳಗೆ ಲೋಹದ ಜಾಲರಿ — ಷೀಲ್ಡ್ — ಹಾಸಿ ಗ್ರೌಂಡಿಗೆ ಕೂಡಿಸಿದ್ದೇವೆ. ಕೆಳಗಿನಿಂದ ಏರುವ ಗದ್ದಲ ಅಲ್ಲೇ ಇಂಗಬೇಕು.

ಆದ್ದರಿಂದ ಸಪ್ಲೈ. ಸಪ್ಲೈಯನ್ನು ಬೇರ್ಪಡಿಸಿ ನೋಡುವ ಸೌಲಭ್ಯ ಈ ಚಿಪ್‌ನಲ್ಲಿ ಇಲ್ಲ. ತರ್ಕದಿಂದಲೇ ಒಪ್ಪಬೇಕು. ತರ್ಕದಿಂದ ಒಪ್ಪಿದ್ದು ನನಗೆ ನಿದ್ದೆ ಕೊಡುವುದಿಲ್ಲ.

೧೩ ಆಗಸ್ಟ್, ಬುಧವಾರ

ಹೆಡ್ಡಾಫೀಸಿನ ಜೊತೆ ವಿಡಿಯೊ ಕರೆ. ಅಲ್ಲಿನ ಹಿರಿಯ, ಪ್ರದೀಪ್. ನಾಗರಾಜ್ ಹೇಳಿದರು: ಆಸಿಲೇಟರಿಗೆ ಚಿಪ್‌ನೊಳಗೇ ಪ್ರತ್ಯೇಕ ರೆಗ್ಯುಲೇಟರ್ ಹಾಕುತ್ತೇವೆ, ಸಪ್ಲೈ ಶುದ್ಧವಾಗುತ್ತದೆ, ಮುಂದಿನ ಸುತ್ತಿನಲ್ಲಿ ಸರಿಹೋಗುತ್ತದೆ.

"ಜಾಗ ಇದೆಯಾ?" ಪ್ರದೀಪ್ ಕೇಳಿದ್ದು ಬಿಂದುವನ್ನು.

"ಐತೆ ಸರ್. ಎಡಗಡೆ ಒಸಿ ಐತೆ."

"ಐತೆ ಅಂದ್ರೆ ಐತೆ ಬಿಡ್ರಪ್ಪಾ!" ಎಂದ, ರಾಗವಾಗಿ. ಆ ಕಡೆ ನಾಲ್ಕು ಜನ ನಕ್ಕರು. ಬಿಂದುವೂ ನಕ್ಕಳು. ಕರೆ ಮುಗಿದ ಮೇಲೆ ಹಣೆಯ ಟಿಕ್ಲಿ ತೆಗೆದು ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಅಂಟಿಸಿದಳು. ಇನ್ನು ಮೇಲೆ ದನಿ ಮಾತ್ರವಂತೆ. ಅದನ್ನೂ ಆದಷ್ಟು ಕಮ್ಮಿ.

೨೮ಕ್ಕೆ ರಿವ್ಯೂ. ೨೯ಕ್ಕೆ ಫೈಲ್ ಚಿಪ್ ತಯಾರಿಸುವ ಫ್ಯಾಬ್‌ಗೆ ಹೋಗಬೇಕು. ಪ್ರದೀಪ್‌ನ ಕೊನೆಯ ಮಾತು: "ಈ ಸಲವೂ ಆಗಲಿಲ್ಲ ಅಂದ್ರೆ ಚಿತ್ರದುರ್ಗದಲ್ಲಿ ಒಂದು ಆಫೀಸ್ ಯಾಕೆ ಬೇಕು ಅಂತ ಮೇಲಿನವರು ಕೇಳ್ತಾರೆ. ನಾನೇನು ಹೇಳಲಿ?"

ಕೆಳಗೆ ಗೇಟು ಬೆಸೆಯುವ ಸದ್ದು.

೨೧ ಆಗಸ್ಟ್, ಗುರುವಾರ. ಸಂಜೆ.

ಇಷ್ಟು ದಿನ ಬರೆಯಲಿಲ್ಲ. ರೆಗ್ಯುಲೇಟರ್, ರೆಗ್ಯುಲೇಟರ್. ಅದಕ್ಕೂ ಅದರದೇ ಸದ್ದಿದೆ. ಹೊರಗಿನ ಗದ್ದಲ ತಡೆಯಲು ನಿಲ್ಲಿಸಿದ ಕಾವಲುಗಾರ ತಾನೇ ಗೊಣಗುತ್ತಾನೆ. ಎಷ್ಟು ತಿದ್ದಿದರೂ ಸಿಮ್ಯುಲೇಶನ್ನಿನಲ್ಲಿ ಮೈನಸ್ ೧೧೦ ದಾಟುತ್ತಿಲ್ಲ. "ಕೆಪಾಸಿಟರ್ ದೊಡ್ಡದು ಮಾಡಾಣ" ಎನ್ನುತ್ತಾರೆ ನಾಗರಾಜ್. ಬಿಂದು ಹೇಳಿದ ಒಸಿ ಜಾಗ ಅದಕ್ಕೆ ಸಾಲದು.

ಇದನ್ನು ಬರೆಯಲು ಕೂತದ್ದಲ್ಲ. ಇನ್ನೊಂದು.

ಊಟದ ನಂತರ ಬಿಂದು ಬಂದಳು. "ಮೇಡಂ, ಮಂಗ್ಳಾರ ಮಧ್ಯಾಹ್ನ ಹೋಗ್ಲಾ? ಬುಧ್ವಾರ ನಮ್ ಓಣ್ಯಾಗೆ ಗಣಪ್ತಿ ಕೂಡ್ಸ್ತೀವಿ. ಪೆಂಡಾಲ್ ಉಸ್ತುವಾರಿ ನಂದೇ."

"ಏನು ಮಾಡ್ತೀರಿ?"

"ಕೂಡ್ಸ್ತೀವಿ." ನನ್ನ ಮುಖ ನೋಡಿ ನಕ್ಕಳು. "ಕುಂಡ್ರುಸ್ತೀವಿ ಮೇಡಂ. ನೀವು ಕೂರ್ಸದು ಅಂತೀರಲ್ಲ, ಅದೇ. ನಮ್ಮವ್ವ ಹರಪನಹಳ್ಳಿ ಕಡೆಯೋಳು, ಮನ್ಯಾಗೆ ಅವ್ಳ ಮಾತೇ ನಡೆಯೋದು."

ಹೋಗು ಎಂದೆ. ಪರದೆಗೆ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ಕೈ ತಾನಾಗಿ ನಿಂತಿತು.

ಫೆಬ್ರುವರಿ. ಮೊದಲ ಸುತ್ತಿನ ಫೈಲ್ ಕಳಿಸುವ ದಿನ. ಬಿಂದು ತಾಳ್ಯದ ಮನೆಯಿಂದ ಕೆಲಸ ಮಾಡುತ್ತಿದ್ದಳು. ನಾನು ಫೋನಿನಲ್ಲಿ ಒಂದೊಂದೇ ಹೇಳುತ್ತಿದ್ದೆ. ಕೊನೆಗೆ ಹೇಳಿದ್ದು ನೆನಪಿದೆ, ಏಕೆಂದರೆ ಆಮೇಲೆ ನೀರು ಕುಡಿಯಲು ಎದ್ದೆ: "ಷೀಲ್ಡ್ ಒಂದು ಉಳಿದಿದೆ. ಗ್ರೌಂಡ್ ಹತ್ತಿರವೇ ಇದೆಯಲ್ಲ, ಕೂಡಿಸಿಬಿಡು."

"ಆತು ಮೇಡಂ, ಕೂಡ್ಸ್ತೀನಿ."

ಅರ್ಧ ಗಂಟೆಯ ಮೇಲೆ: "ಕೂಡಿಸಿದೆಯಾ?"

"ಕೂಡ್ಸಿದೆ ಮೇಡಂ."

ನಾನು ಹುಟ್ಟಿದ್ದು ಹೊಸದುರ್ಗ, ಮಾತು ಕಲಿತದ್ದು ಮೈಸೂರಿನ ಹಾಸ್ಟೆಲುಗಳಲ್ಲಿ. ನನಗೆ ಕೂಡಿಸು ಎಂದರೆ ಜೋಡಿಸು. ಅವಳಿಗೆ ಕೂರಿಸು.

ಫೈಲ್ ತೆರೆದೆ. ಇಬ್ಬರೇ ಇದ್ದೆವು, ನಾಗರಾಜ್ ಹೊರಗೆ ಹೋಗಿದ್ದರು. ಬಿಂದುವನ್ನು ಕರೆಯಲಿಲ್ಲ. ಕಾಯಿಲ್ ತೆಗೆದು ಕೆಳಗಿನ ಪದರ ನೋಡಿದೆ. ಷೀಲ್ಡ್ ಇದೆ. ಕಾಯಿಲ್ ನಡುವಿಗೆ ಸರಿಯಾಗಿ, ಅಂದವಾಗಿ, ಪೀಠದ ಮೇಲೆ ಮೂರ್ತಿ ಇಟ್ಟ ಹಾಗೆ. ಅದರ ಅಂಚು ಗ್ರೌಂಡ್ ಉಂಗುರದ ಅಡಿಗೇ ಬಂದು ನಿಂತಿದೆ. ಎರಡು ಪದರಗಳನ್ನು ಬೆಸೆಯುವ ಸಣ್ಣ ಕಂಬಗಳು, ವಯಾಗಳು — ಒಂದೂ ಇಲ್ಲ.

ಕೂತಿದೆ. ಕೂಡಿಲ್ಲ.

ತಾಳೆ ನೋಡುವ ಸಾಫ್ಟ್‌ವೇರ್ ಯಾಕೆ ಹಿಡಿಯಲಿಲ್ಲ? ಅದು ತಾಳೆ ಹಾಕುವ ಮೂಲ ಸರ್ಕ್ಯೂಟ್ ಚಿತ್ರ, ನಮ್ಮ ಸ್ಕೀಮ್ಯಾಟಿಕ್‌ನಲ್ಲಿ ಷೀಲ್ಡನ್ನು ಬರೆದೇ ಇಲ್ಲ. ಬರೆಯದ್ದನ್ನು ಅದು ಕೇಳುವುದಿಲ್ಲ.

ನೆಲದ ದಾರಿ ಮೊದಲ ದಿನದಿಂದ ತೆರೆದೇ ಇದೆ. ಯಾವುದಕ್ಕೂ ಕೂಡದೆ ತೇಲುವ ಷೀಲ್ಡ್ ಗದ್ದಲವನ್ನು ತಡೆಯದು. ಕೆಳಗಿನಿಂದ ಪಡೆದು ಮೇಲಕ್ಕೆ ದಾಟಿಸುತ್ತದೆ.

ಬ್ಯಾಂಕಿನ ಮೇಲೆ ಕೂತು ಗಾಳ ಹಾಕಿದ್ದೇವೆ, ಆರು ತಿಂಗಳಿನಿಂದ.

೨೫ ಆಗಸ್ಟ್, ಸೋಮವಾರ

ವಾರಾಂತ್ಯವಿಡೀ ಸಿಮ್ಯುಲೇಶನ್ ಓಡಿತು. ಈಗಿನ ಹಾಗೆ ತೇಲುವ ಷೀಲ್ಡ್: ಮೈನಸ್ ೧೦೭. ವಯಾ ಹಾಕಿದರೆ: ೧೧೪. ವಯಾ, ಜೊತೆಗೆ ರೆಗ್ಯುಲೇಟರ್: ೧೧೦. ಅಳತೆ ೧೦೬ ಇತ್ತು, ಇಲ್ಲಿ ೧೦೭ — ಆ ಒಂದು ಎಲ್ಲಿ ಹೋಯಿತು, ಗೊತ್ತಿಲ್ಲ. ಖಚಿತವಾಗಲು ವಯಾ ಇರುವ ಚಿಪ್ ಬೇಕು. ಅದು ಬರಬೇಕಾದರೆ ಮೊದಲು ಕಳಿಸಬೇಕು.

ನಾಗರಾಜ್‌ಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲು ಹಾಕಿದರು.

"ಬಿಂದೂಗೆ ಗೊತ್ತಾ?"

"ಇನ್ನೂ ಹೇಳಿಲ್ಲ."

"ಹೇಳ್ಬ್ಯಾಡ್ರಿ. ವಯಾ ಸೇರ್ಸಿಬಿಡ್ರಿ, ಸುಮ್ನೆ. ರೆಗ್ಯುಲೇಟರೂ ಇರ್ಲಿ. ಸರಿಹೋದ್ರೆ ರೆಗ್ಯುಲೇಟರಿಂದ ಆತು ಅನ್ನಾಣ."

"ಎರಡೂ ಹಾಕಿದರೆ ಸರಿಹೋಗುವುದಿಲ್ಲ. ೧೧೦. ರೆಗ್ಯುಲೇಟರ್ ತೆಗೀಬೇಕು."

"ಅದ್ನ ಹಾಕ್ತೀವಿ ಅಂತ ಎಲ್ರ ಮುಂದೆ ಹೇಳೀನಿ. ಈಗ ಬ್ಯಾಡ, ನಾಕು ವಯಾ ಬಿಟ್ಟೋಗಿದ್ವು ಅಂದ್ರೆ? ಯಾಕೆ ಬಿಟ್ಟೋದ್ವು ಅಂತಾರೆ. ಏನ್ ಹೇಳ್ತೀರಿ ಮೀನಾಕ್ಷಿ, ಗಣಪ್ತಿ ಕೂಡ್ಸಿದ್ವಿ ಅಂತೀರಾ? ಆ ಪ್ರದೀಪ ಇದ್ನ ಸಾಯೋಗಂಟ ಹೇಳ್ಕಂಡು ನಗ್ತಾನೆ. ಕನ್ನಡದಾಗೆ ಚಿಪ್ ಮಾಡಾಕ್ ಹೋಗಿ ಹಿಂಗಾತು ಅಂತಾನೆ. ಆಫೀಸ್ ಮುಚ್ಚಾಕೆ ಇದಕ್ಕಿಂತ ಚೆಂದದ ಕಾರಣ ಬೇಕಾ?"

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಎರಡೂ ಹಾಕಿದರೆ ಚಿಪ್ ಸೋಲುತ್ತದೆ, ಆಫೀಸೂ ಹೋಗುತ್ತದೆ, ನಿಧಾನವಾಗಿ. ನಿಜ ಹೇಳಿದರೆ ಚಿಪ್ ಗೆಲ್ಲಬಹುದು. ಆಫೀಸು ಅಷ್ಟರವರೆಗೆ ಉಳಿದರೆ.

"ಲೇಔಟ್ ತಪ್ಪು ಅಂತ ಒಂದ್ ಲೈನ್ ಬರೀಬೋದು," ಎಂದರು, ಕಿಟಕಿ ಕಡೆ ನೋಡುತ್ತಾ. "ಅದೂ ಸುಳ್ಳಲ್ಲ."

ಅರ್ಧ ಅನುವಾದ, ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅವಳು ಕೇಳಿಸಿಕೊಂಡದ್ದು ಇದೆ, ನಾನು ಹೇಳಿದ್ದು ಇಲ್ಲ.

೨೬ ಆಗಸ್ಟ್, ಮಂಗಳವಾರ

ಬಿಂದು ಊರಿಗೆ ಹೊರಡುವ ಮುನ್ನ ತೋರಿಸಿದೆ. ಮೊದಲು ಪರದೆ, ಆಮೇಲೆ ಪದ. ಅವಳು ಎರಡು ಸಲ ಬಾಯಲ್ಲಿ ಹೇಳಿಕೊಂಡಳು, ನನ್ನ ಹಾಗೆ ಒಂದು ಸಲ, ತನ್ನ ಹಾಗೆ ಒಂದು ಸಲ. ಕೂಡಿಸು. ಕೂಡ್ಸು.

"ತೇಲೋ ಷೀಲ್ಡೂ ಇರ್ತಾವಲ್ಲ ಮೇಡಂ. ಓದಿದ್ದೆ. ನಿಮ್ಗೆ ಹಂಗೇ ಬೇಕೇನೋ ಅನ್ಕಂಡೆ."

ಇರುತ್ತವೆ. ಅವಳು ಓದಿದ್ದು ಸರಿ.

ಗುರುವಾರ ಇದನ್ನು ಹೇಳಬೇಕೆಂದಿದ್ದೇನೆ, ಹೇಳಿದವಳು ನಾನು ಎಂದೇ ಹೇಳುತ್ತೇನೆ, ಎಂದೆ.

"ಪ್ರದೀಪ್ ಸರ್ ನಗ್ತಾರೆ."

"ನಗಲಿ."

"ನಿಮ್ಗೆ ಸಲೀಸು." ಬ್ಯಾಗಿನ ಜಿಪ್ ಎಳೆಯುತ್ತಿದ್ದಳು, ಅದು ಸಿಕ್ಕಿಕೊಂಡಿತ್ತು. "ನೀವು ಇದೆ ಅಂತೀರಿ. ನಾನು ಐತೆ ಅಂತೀನಿ. ನಗೋದು ಯಾರ್ ಕಡೆ ತಿರುಗಿ, ಹೇಳ್ರಿ?"

ಜಿಪ್ ಬಿಡಿಸಿಕೊಟ್ಟೆ. ಹೊಳಲ್ಕೆರೆ ಬಸ್ಸಿಗೆ ಹೊತ್ತಾಯಿತು ಎಂದು ಹೋದಳು. ನಾನು ನಿಜ ಹೇಳುವುದಕ್ಕೆ ಖರ್ಚಾಗುವುದು ಅವಳ ಮರ್ಯಾದೆ. ಇದನ್ನು ಇವತ್ತಿನವರೆಗೆ ಯೋಚಿಸಿಯೇ ಇರಲಿಲ್ಲ.

೨೭ ಆಗಸ್ಟ್, ಬುಧವಾರ. ಹಬ್ಬ.

ಮಹಾದೇವಮ್ಮ ಕಡುಬು ತಂದುಕೊಟ್ಟರು. "ನಿಮ್ ಹಾಡುಗಾರ ಹೆಂಗವ್ನೆ?"

"ಕಾಯಿಲೆ ಗೊತ್ತಾಯಿತು. ಔಷಧಿ ಕೊಡಬೇಕು."

"ಕೊಡ್ರಿ ಮತ್ತೆ. ಕೊಡಾಕಿಲ್ವಾ?"

ಕೊಡುವುದಿಲ್ಲವೇ ಎಂದು ಕೇಳಿದ್ದು. ನನ್ನ ಕಿವಿಗೆ ಕೂಡಾಕಿಲ್ವಾ ಎಂದು ಬಿತ್ತು. ಈಗ ಎಲ್ಲ ಮಾತೂ ಎರಡೆರಡಾಗಿ ಕೇಳುತ್ತದೆ.

ಕಾದಂಬರಿ ತೆರೆದೆ. ಓದಲಾಗಲಿಲ್ಲ. ಬ್ಯಾಂಕಿನ ಪುಟಕ್ಕೆ ಹಿಂತಿರುಗಿ ನನ್ನ ಪೆನ್ಸಿಲ್ ಗೆರೆ ನೋಡಿದೆ. ಎಷ್ಟು ಜೋರಾಗಿ ಎಳೆದಿದ್ದೇನೆ. ಅಳಿಸಿದೆ. ಕಾಗದದ ಮೇಲೆ ಗುರುತು ಉಳಿಯಿತು.

ರೆಗ್ಯುಲೇಟರ್ ತೆಗೆದು, ವಯಾಗಳ ಸಾಲೊಂದನ್ನು ಸೇರಿಸಿ, ಫೈಲ್ ಸಿದ್ಧಮಾಡಿದೆ. ಕಳಿಸಿಲ್ಲ. ಪಕ್ಕದಲ್ಲಿ ನಾಗರಾಜ್ ಹೇಳಿದ ಫೈಲ್, ಎರಡೂ ಇರುವುದು. ಅದೂ ಸಿದ್ಧ.

ಸಂಜೆ ಬಿಂದು ಫೋಟೊ ಕಳಿಸಿದಳು. ಅವರ ಓಣಿಯ ಗಣಪತಿ. ಪೀಠಕ್ಕೂ ಮೂರ್ತಿಗೂ ನಡುವೆ ಒಂದು ಎಳೆ ತಾಮ್ರದ ತಂತಿ ಸುತ್ತಿದ್ದಾಳೆ. ಕೆಳಗೆ ಬರೆದದ್ದು: "ಕೂಡ್ಸಿದ್ವಿ. ಕೂಡಿಸಿದ್ವಿ ಕೂಡ."

ಒಬ್ಬಳೇ ಇದ್ದರೂ ಜೋರಾಗಿ ನಕ್ಕೆ. ಆಮೇಲೆ ಅರ್ಥವಾಯಿತು, ಈ ಪದವನ್ನು ಮೊದಲು ನಗೆ ಮಾಡಿದ್ದು ಅವಳೇ.

೨೮ ಆಗಸ್ಟ್, ಗುರುವಾರ. ರಿವ್ಯೂ ಶುರುವಾಗುವ ಮುನ್ನ.

ಬೇಗನೆ ಬರೆಯುತ್ತಿದ್ದೇನೆ. ಮೂವರೂ ಮೇಜಿನ ಹತ್ತಿರ. ಆ ಕಡೆಯವರು ಒಬ್ಬೊಬ್ಬರೇ ಸೇರುತ್ತಿದ್ದಾರೆ.

ಬೆಳಿಗ್ಗೆ ಇಬ್ಬರಿಗೂ ಹೇಳಿದೆ. ರೆಗ್ಯುಲೇಟರ್ ಕೈಬಿಡುವುದು. ವಯಾ ಮಾತ್ರ. ಸ್ಲೈಡಿನಲ್ಲಿ, ಕಾರಣದ ಜಾಗದಲ್ಲಿ, "ಲೇಔಟ್ ತಪ್ಪು" ಇಲ್ಲ. ಆ ಪದ, ಕನ್ನಡ ಲಿಪಿಯಲ್ಲೇ, ಎರಡು ಅರ್ಥ, ಹೇಳಿದವಳು ನಾನು, ಕೇಳಿದವಳು ಬಿಂದು. ಮುಂದಿನ ಸುತ್ತಿಗೆ ಷೀಲ್ಡ್ ಸ್ಕೀಮ್ಯಾಟಿಕ್‌ನಲ್ಲೂ ಇರುತ್ತದೆ. ಬಿಂದು ಬೇಡ ಎಂದರೆ ಅವಳ ಹೆಸರು ತೆಗೆಯುತ್ತೇನೆ, ಪದ ತೆಗೆಯುವುದಿಲ್ಲ.

ನಾಗರಾಜ್ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. "ಎರಡ್ನೇ ಸ್ಲೈಡಿಂದ ನೀವೇ ನೋಡ್ಕಳ್ರಿ. ನಾನು ಕೇಳಿಸ್ಕಂತ ಕುಂತಿರ್ತೀನಿ." ಒಪ್ಪಿದರೋ ಕೈಬಿಟ್ಟರೋ ತಿಳಿಯಲಿಲ್ಲ.

ಬಿಂದು ಸ್ಲೈಡ್ ಓದಿದಳು. "ನನ್ ಹೆಸ್ರು ಇರ್ಲಿ." ಆಮೇಲೆ: "ಆದ್ರೆ ಆ ಪದ ಬಂದಾಗ ನಾನ್ ಹೇಳ್ತೀನಿ ಮೇಡಂ. ನೀವ್ ಹೇಳಿದ್ರೆ ನಿಮ್ಮರ್ಥ ಒಂದೇ ಬರ್ತೈತೆ."

ನಾನು ಮೊದಲ ಅರ್ಧ ಹೇಳುವುದು. ಅವಳು ಎರಡನೆಯದು. ಹಾಗೇ ಎಂದು ತೀರ್ಮಾನ.

ಪ್ರದೀಪ್ ಬಂದ. ನಮಸ್ಕಾರ, ಹಬ್ಬ ಜೋರಾ ಎನ್ನುತ್ತಿದ್ದಾನೆ. ಬಿಂದು ಉಗುರಿನಿಂದ ಕ್ಯಾಮೆರಾ ಮೇಲಿನ ಟಿಕ್ಲಿ ಕೆರೆಯುತ್ತಿದ್ದಾಳೆ, ಅಂಟು ಒಣಗಿದೆ, ಬರುತ್ತಿಲ್ಲ. ಮೊದಲ ಸ್ಲೈಡ್ ಮುಗಿಯಿತು. ನಾಗರಾಜ್ ನನ್ನ ಕಡೆ ತಿರು—